ಮತ ಹಾಕದೆ ಜಗಳ ಕಾಯುವುದು: ಬಳಕೆದಾರರ ಕೈಪಿಡಿ

ಹದಿನೆಂಟು ತುಂಬಿದ್ದಕ್ಕೆ ಅಭಿನಂದನೆಗಳು. 1989ರವರೆಗೆ ಮತದಾನದ ಹಕ್ಕಿಗೆ ಇಪ್ಪತ್ತೊಂದಾಗುವವರೆಗೆ ಕಾಯಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿ ನಿಮಗೆ ಮೂರು ವರ್ಷ ಉಳಿಸಿಕೊಟ್ಟಿದೆ. ಅದನ್ನು ಮತಗಟ್ಟೆಯ ಸಾಲಿನಲ್ಲಿ ಪೋಲು ಮಾಡದೆ ಇಡಿಯಾಗಿ ಜಗಳಕ್ಕೆ ಬಳಸಿಕೊಳ್ಳುವ ವಿಧಾನ ಇಲ್ಲಿದೆ. ಚುನಾವಣೆ ಘೋಷಣೆಯಾಗುವ ಮೊದಲು ಪೂರ್ತಿ ಓದಿ. ಓದದಿದ್ದರೂ ಚಿಂತೆಯಿಲ್ಲ, ಪ್ರಣಾಳಿಕೆಗಳನ್ನು ಯಾರು ಓದಿದ್ದಾರೆ?

ಬೇಕಾಗುವ ಸಾಮಗ್ರಿ

ಒಂದು ಮೊಬೈಲು, ಸಾಕಷ್ಟು ಡೇಟಾ, ಒಂದು ಫ್ಯಾಮಿಲಿ ವಾಟ್ಸಾಪ್ ಗ್ರೂಪು ಮತ್ತು ಆ ಗ್ರೂಪಿನಲ್ಲಿ ಎದುರು ಪಕ್ಷದ ಒಬ್ಬ ದೊಡ್ಡಪ್ಪ. ದೊಡ್ಡಪ್ಪ ಸಿಗದಿದ್ದರೆ ಅಕ್ಕನ ಗಂಡ ಆಗಬಹುದು. ವೋಟರ್ ಐಡಿ ಬೇಕಿಲ್ಲ.

ಜೋಡಣೆ

ಮೊದಲು ಒಂದು ಪಕ್ಷ ಹಿಡಿಯಿರಿ. ಕಾರಣ ಹುಡುಕುತ್ತ ಕೂರಬೇಡಿ. ನೆಚ್ಚಿನ ನಟನಿಗೆ ಅಭಿಮಾನಿಯಾಗುವಾಗ ಯಾರೂ ಕಾರಣ ಕೇಳಲಿಲ್ಲವಲ್ಲ. ಬಳಿಕ ಎದುರಿನವರಿಗೊಂದು ಹೆಸರಿಡಿ. ಮಾರುಕಟ್ಟೆಯಲ್ಲಿ ಎರಡೇ ಅಳತೆ ಲಭ್ಯ: ‘ಭಕ್ತ’ ಮತ್ತು ‘ಗುಲಾಮ’. ನಡುವಿನ ಅಳತೆಯ ತಯಾರಿಕೆ ನಿಂತುಹೋಗಿದೆ. ರಸ್ತೆಗುಂಡಿಯ ಬಗ್ಗೆ ಕೇಳಿದವನಿಗೂ ಎರಡರಲ್ಲೊಂದನ್ನು ತೊಡಿಸಿ ಕಳಿಸಬೇಕು. ಬಿಗಿಯಾದರೆ ಅವನೇ ಗ್ರೂಪಿನಿಂದ ಲೆಫ್ಟ್ ಆಗುತ್ತಾನೆ.

ಮಾತು ಸದಾ ದಿಲ್ಲಿಯ ಮಟ್ಟದಲ್ಲೇ ಇರಲಿ, ವಾರ್ಡಿಗೆ ಇಳಿಸಬೇಡಿ. ಇಳಿಸಿದರೆ ಕಸದ ಗಾಡಿ ನಿಮ್ಮ ಬೀದಿಗೂ ಬಂದಿಲ್ಲ, ದೊಡ್ಡಪ್ಪನ ಬೀದಿಗೂ ಬಂದಿಲ್ಲ ಎಂಬುದು ಬಯಲಾಗಿ ಇಬ್ಬರೂ ಒಂದೇ ಕಡೆ ನಿಂತುಬಿಡುವ ಅಪಾಯವಿದೆ. ಬೆಂಗಳೂರಿನವರಿಗೆ ಈ ಅಪಾಯ ಕಡಿಮೆ. ಬಿಬಿಎಂಪಿಗೆ 2015ರಲ್ಲಿ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ಊರು ನಡೆಯಿತು. ಆ ವರ್ಷಗಳಲ್ಲಿ ಹದಿನೆಂಟು ದಾಟಿದವರಿಗೆ ಮನೆ ಬಾಗಿಲಿನ ರಾಜಕೀಯ ಹೇಗಿರುತ್ತದೆಂದು ತೋರಿಸುವವರೇ ಇರಲಿಲ್ಲ. ಕಣ್ಣಿಗೆ ಕಂಡದ್ದು ಟಿವಿಯ ರಾಜಕೀಯ, ಕಲಿತದ್ದೂ ಅದನ್ನೇ. ಯುವಕರಿಗೆ ಆಸಕ್ತಿಯಿಲ್ಲ ಎಂದು ಕೊರಗುವ ಭಾಷಣಕಾರರು ಇದನ್ನೂ ಲೆಕ್ಕಕ್ಕೆ ಹಿಡಿದರೆ ತಯಾರಕರ ಆಕ್ಷೇಪವೇನಿಲ್ಲ.

ನಿಮ್ಮ ಕ್ಷೇತ್ರದ ಅಭ್ಯರ್ಥಿ ಯಾರೆಂದು ತಿಳಿದುಕೊಳ್ಳಬೇಡಿ. ತಿಳಿದರೆ ನಿಮ್ಮ ಪಕ್ಷದವನನ್ನೇ ಸಮರ್ಥಿಸುವುದು ಕಷ್ಟವಾಗುತ್ತದೆ.

ಮತದಾನದ ದಿನ

ಊರಲ್ಲಿರಬೇಡಿ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26ರ ಶುಕ್ರವಾರ ಬಿದ್ದಿತ್ತು. ಸಕಲೇಶಪುರದ ಹೋಮ್‌ಸ್ಟೇಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗದು. ಅಂದು ಮಂಡ್ಯ ಶೇ 81 ದಾಟಿದರೆ ಬೆಂಗಳೂರು ದಕ್ಷಿಣ ಶೇ 53ರ ಆಸುಪಾಸಿನಲ್ಲಿ ನಿಂತಿತು. ಅದಕ್ಕೂ ಹಿಂದಿನ ವರ್ಷ ವಿಧಾನಸಭೆ ಚುನಾವಣೆಯಲ್ಲಿ ವಾರಾಂತ್ಯದ ಪ್ರವಾಸ ತಪ್ಪಿಸಬೇಕೆಂದೇ ಆಯೋಗ ಮೇ 10ರ ಬುಧವಾರವನ್ನು ಆರಿಸಿತ್ತು. ಪ್ರವಾಸ ತಪ್ಪಿತೋ ಇಲ್ಲವೋ, ಬೆಂಗಳೂರಿನ ಮತಪ್ರಮಾಣ ಮಾತ್ರ ಜಪ್ಪಯ್ಯ ಎಂದರೂ ಮೇಲೇಳಲಿಲ್ಲ.

ಹೋಮ್‌ಸ್ಟೇ ಜಗಲಿಯಲ್ಲಿ ಕುಳಿತು ‘ದೇಶ ಅಪಾಯದಲ್ಲಿದೆ’ ಎಂದು ಸ್ಟೇಟಸ್ ಹಾಕಿ. ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಿ. ಸ್ಟೇಟಸ್ಸಿಗಾಗಿ ಗುಡ್ಡ ಹತ್ತುವ ಕಾಲು ಮತಗಟ್ಟೆಯ ನಾಲ್ಕು ಮೆಟ್ಟಿಲು ಹತ್ತಲು ನೋಯುವುದೇಕೆ ಎಂದು ಯಾರಾದರೂ ಕೇಳಿದರೆ, ಕೇಳಿದವರ ಪಕ್ಷ ಯಾವುದೆಂದು ತಿರುಗಿ ಕೇಳಿ.

ಎಚ್ಚರಿಕೆ

‘ನನ್ನ ಒಂದು ವೋಟಿನಿಂದ ಏನಾಗುತ್ತೆ’ ಎಂಬ ವಾಕ್ಯವನ್ನು ಜಯನಗರ 4ನೇ ಬ್ಲಾಕಿನಲ್ಲಿ ಗಟ್ಟಿಯಾಗಿ ಹೇಳಬಾರದು. 2023ರಲ್ಲಿ ಮರುಎಣಿಕೆಯಾಗಿ ಅಲ್ಲಿ ಗೆಲುವಿನ ಅಂತರ 16 ಮತಕ್ಕೆ ಬಂದು ನಿಂತಿತ್ತು. ಚಾಮರಾಜನಗರದ ಕಡೆಗಂತೂ ಈ ವಾಕ್ಯ ಒಯ್ಯಲೇಬೇಡಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಈ ಕೈಪಿಡಿ ಯಾರಿಗೆ ಅನ್ವಯಿಸದು

ಹೆಸರು ಕಲಬುರಗಿಯ ಪಟ್ಟಿಯಲ್ಲಿ, ವಾಸ ಮಾರತ್ತಹಳ್ಳಿಯ ಪಿ.ಜಿ.ಯಲ್ಲಿ ಇರುವವರಿಗೆ. 2024ರಲ್ಲಿ ಅವರ ಊರಿನ ಮತದಾನ ಮೇ 7ರ ಮಂಗಳವಾರ, ಬೆಂಗಳೂರಿನ ರಜೆ ಏಪ್ರಿಲ್ 26ಕ್ಕೆ. ಮತದಾರನಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನೇನೋ ಇದೆ, ಆದರೆ ಆರ್ಡರಿಗಿಷ್ಟು ಎಂದು ಊಟ ತಲುಪಿಸುವ ಹುಡುಗನಿಗೆ ಸಂಬಳವೇ ಇಲ್ಲ. ಅವನು ಹೋಗಿಬರುವ ಬಸ್ ಚಾರ್ಜನ್ನೂ ಎರಡು ದಿನದ ದುಡಿಮೆಯನ್ನೂ ಕಳೆದುಕೊಂಡು ಮತ ಹಾಕಬೇಕು. ಹಾಗೆ ಹೋಗುವವರೂ ಇದ್ದಾರೆ. ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬ್ಯಾಗು ತೂರಿಸಿ ಸೀಟು ಹಿಡಿಯುವವರನ್ನು ನೋಡಿ. ಹೋಗಲಾಗದವರನ್ನು ಸೋಮಾರಿಗಳೆಂದು ಬೈಯುವ ಸಂಪಾದಕೀಯಗಳಿಗಿಂತ, ವಿಳಾಸ ಬದಲಾವಣೆಗೆ ನಮೂನೆ 8 ತುಂಬಿ ಎಂದು ಪಿ.ಜಿ. ಬಾಗಿಲಿಗೆ ಅಂಟಿಸಿದ ಒಂದು ಚೀಟಿ ಹೆಚ್ಚು ಕೆಲಸ ಮಾಡೀತು. ಉಳಿದ ಬಳಕೆದಾರರು ಆ ನಮೂನೆಯಿಂದ ದೂರವಿರಿ, ಮೊಬೈಲಿನಲ್ಲೇ ತುಂಬಬಹುದಾದ್ದರಿಂದ ಅಕಸ್ಮಾತ್ ತುಂಬಿಬಿಡುವ ಭಯವಿದೆ.

ದೋಷ ಪರಿಹಾರ

ಪಕ್ಷ ಸೋತರೆ: ಇವಿಎಂ.

ಪಕ್ಷ ಗೆದ್ದರೆ: ನೀವೇ ಕಾರಣ.

ಗೆದ್ದವರು, ಸೋತವರು ಒಂದೇ ಮದುವೆ ಮನೆಯಲ್ಲಿ ಹೆಗಲ ಮೇಲೆ ಕೈಹಾಕಿ ನಗುತ್ತಿರುವ ಫೋಟೊ ಬಂದರೆ: ಡೌನ್‌ಲೋಡ್ ಆಗದಂತೆ ನೋಡಿಕೊಳ್ಳಿ. ದೊಡ್ಡಪ್ಪನ ಜತೆ ಮಾತು ಬಿಟ್ಟದ್ದಕ್ಕೆ ಕಾರಣ ನೆನಪಾಗದೆ ಹೋಗಬಹುದು.

‘ಎಲ್ಲಿ, ಬೆರಳು ತೋರಿಸು’ ಎಂದು ಗ್ರೂಪಿನಲ್ಲಿ ಯಾರಾದರೂ ಕೇಳಿದರೆ: ಇದು ಗಂಭೀರ ದೋಷ. ಮಾರ್ಕರ್ ಪೆನ್ನಿನಿಂದ ಬಳಿದುಕೊಂಡರೆ ಒಂದು ಸ್ನಾನಕ್ಕೆ ಹೋಗುತ್ತದೆ. 1962ರ ಚುನಾವಣೆಯಿಂದ ಮೈಸೂರಿನ ಬಣ್ಣದ ಕಾರ್ಖಾನೆ ಮಾಡಿಕೊಡುತ್ತಿರುವ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಚರ್ಮಕ್ಕೆ ಕಚ್ಚಿಕೊಂಡರೆ ವಾರಗಟ್ಟಲೆ ಬಿಡದು. ಹಳೆಯ ಚುನಾವಣೆಯ ಫೋಟೊ ಹಾಕುವುದಾದರೆ ಎಡಗೈ ತೋರುಬೆರಳೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಂಟರ್‌ನೆಟ್ಟಿನಿಂದ ಇಳಿಸಿದ ಬೆರಳನ್ನು ಮಾತ್ರ ಹಾಕಬೇಡಿ. ದೊಡ್ಡಪ್ಪ ಬೆಳಿಗ್ಗೆಯೇ ಅದನ್ನು ಹಾಕಿರುತ್ತಾರೆ.