ಕಸಮೀಮಾಂಸೆ: ಉತ್ತರ ಸಮುದ್ರ ಪ್ರಕರಣ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ನಿರೂಪಿಸತಕ್ಕದ್ದೆಂದು ಪೂರ್ವಿಕರ ಕಟ್ಟಳೆ. ಈ ಪ್ರಬಂಧದ ವಿಷಯ ಕಸ. ಅದರಲ್ಲೂ ನೆದರ್ಲೆಂಡ್ಸ್‌ನ ಕಡಲದಂಡೆ, ಕಾಲುವೆಗಳಲ್ಲಿ ಸ್ವಯಂಸೇವಕರು ಹೆಕ್ಕುವ ಕಸ. ಪ್ರಯೋಜನವೆಂದರೆ ಕಸ ಇಲ್ಲವಾಗುವುದು. ಪ್ರಯೋಜನ ಸಿದ್ಧಿಸಿದ ದಿನ ವಿಷಯವೇ ಇಲ್ಲವಾಗುವುದರಿಂದ ಈ ಶಾಸ್ತ್ರ ತನ್ನ ಬುಡವನ್ನು ತಾನೇ ಕಡಿದುಕೊಳ್ಳುವ ಜಾತಿಯದು. ವಿದ್ವಾಂಸರು ಗಾಬರಿಯಾಗಬೇಕಿಲ್ಲ, ಸದ್ಯಕ್ಕೆ ಸರಬರಾಜು ಚೆನ್ನಾಗಿಯೇ ಇದೆ. ವಿಷಯಕ್ಕೂ ಅಧಿಕಾರಿಗೂ ಸಂಬಂಧ ಕಲ್ಪಿಸುವ ಸಾಧನ, ಉದ್ದ ಹಿಡಿಯ ಒಂದು ಇಕ್ಕಳ.

ಅಧಿಕಾರಿ ಯಾರೆಂಬುದೇ ತೊಡಕು. ನಮ್ಮಲ್ಲಿ ಕಸದ ಅಧಿಕಾರವನ್ನು ಹುಟ್ಟಿನಿಂದಲೇ ಕೆಲವರ ಕೊರಳಿಗೆ ಕಟ್ಟಿ, ಉಳಿದವರು ಮೂಗು ಮುಚ್ಚಿಕೊಂಡು ನಿಶ್ಚಿಂತರಾದರು. ಇಲ್ಲಿ ಬ್ಯಾಂಕಿನವರು, ಸಾಫ್ಟ್‌ವೇರಿನವರು ಅದಕ್ಕಾಗಿ ಮುಂಗಡ ಹೆಸರು ನೋಂದಾಯಿಸುತ್ತಾರೆ. ಸ್ಟಿಖ್ಟಿಂಗ್ ಡೆ ನೋರ್ಡ್‌ಜೇ ಎಂಬ ಸಂಸ್ಥೆ 2013ರಿಂದ ಪ್ರತಿ ಆಗಸ್ಟ್‌ನಲ್ಲಿ ಒಂದು ಪಾದಯಾತ್ರೆ ನಡೆಸುತ್ತದೆ. ದಕ್ಷಿಣದ ಕಾಡ್‌ಜಾಂಡ್‌ನಿಂದ ಒಂದು ತಂಡ, ಉತ್ತರದ ಸ್ಕೀರ್ಮೊನಿಕೋಗ್ ದ್ವೀಪದಿಂದ ಇನ್ನೊಂದು, ಕಸ ಹೆಕ್ಕುತ್ತಾ ಹೊರಟು ಜಾಂಡ್‌ಫೋರ್ಟ್‌ನಲ್ಲಿ ಸಂಧಿಸುತ್ತವೆ. ಯಾತ್ರಿಕರಿಗೆ ಕೈಗವಸು, ಕಾಫಿ, ಕೊನೆಗೊಂದು ಗುಂಪು ಫೋಟೋ ಉಂಟು. ಇದೇ ಕೆಲಸವನ್ನು ವರ್ಷವಿಡೀ ಮಾಡುವ ನಮ್ಮ ಪೌರಕಾರ್ಮಿಕರು ಕೈಗವಸಿಗೂ ಅರ್ಜಿ ಗುಜರಾಯಿಸಬೇಕು. ಫೋಟೋ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಪೂರ್ವಪಕ್ಷ. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಪ್ರಬಂಧಕಾರನ ಮಾವನವರು ಜಾಂಡ್‌ಫೋರ್ಟ್‌ನ ದಂಡೆಯಲ್ಲಿ ನಿಂತು ಅದನ್ನು ಹೀಗೆ ಮಂಡಿಸಿದರು: "ಅಲ್ರೀ, ನಮ್ಮೂರಾಗ ಕಸಾ ಹೊಡಿಯಾವ್ರಿಗೆ ಪಗಾರ ಕೊಡ್ತೀವಿ. ನೀವಿಲ್ಲೆ ಸೂಟಿ ದಿನಾ ಬಂದು ಪುಕ್ಕಟ ಆರಸಾಕತ್ತೀರಿ. ಇವ್ರಿಗೆ ಮುನ್ಸಿಪಾಲ್ಟಿ ಇಲ್ಲೇನು?"

"ಐತ್ರೀ ಮಾವಾರ. ಮುಂಜಾನೆದ್ದು ಟ್ರ್ಯಾಕ್ಟರ್ ಬಿಟ್ಟು ಉಸುಕು ಸೋಸ್ತಾರ."

"ಮತ್ತ?"

"ಟ್ರ್ಯಾಕ್ಟರಿಗೆ ಎಣಸಾಕ ಬರಂಗಿಲ್ರೀ."

ಇದೇ ಸಿದ್ಧಾಂತ. ಹೆಕ್ಕುವುದು ಅಂಗ, ಎಣಿಸುವುದು ಅಂಗಿ. ಈಶಾನ್ಯ ಅಟ್ಲಾಂಟಿಕ್ ಸಮುದ್ರದ ರಕ್ಷಣೆಗೆಂದು 1992ರಲ್ಲಿ ಆದ ಓಸ್‌ಪಾರ್ ಒಪ್ಪಂದ ಈ ಶಾಸ್ತ್ರಕ್ಕೆ ಮೂಲ. ಅದರಡಿ ಹೊರಟ 2010ರ ಕಡಲದಂಡೆ ಮಾರ್ಗಸೂಚಿಯೇ ಸೂತ್ರಪಾಠ. ಅದರ ವಿಧಿಯಂತೆ ನೆದರ್ಲೆಂಡ್ಸ್‌ನಲ್ಲಿ ಬೆರ್ಗೆನ್, ನೋರ್ಡ್‌ವೈಕ್, ವೇರೆ, ಟೆರ್‌ಸ್ಕೆಲಿಂಗ್ ಎಂಬ ನಾಲ್ಕು ಕ್ಷೇತ್ರಗಳಲ್ಲಿ ವರ್ಷಕ್ಕೆ 4 ಸಲ 100 ಮೀಟರ್ ದಂಡೆಯನ್ನು ಅಳೆದು, ಸಿಕ್ಕಿದ್ದನ್ನೆಲ್ಲ ನೂರಕ್ಕೂ ಹೆಚ್ಚು ವರ್ಗಗಳಲ್ಲಿ ವಿಂಗಡಿಸುತ್ತಾರೆ. ಎರಡೂವರೆ ಸೆಂಟಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು 117ನೆಯದು. ಕೂದಲೆಳೆ ದಾಟಿದರೆ 46. ಕಿವಿಕಡ್ಡಿ 98. ನಾಯಿಯ ಹೇಲನ್ನು ಶ್ರದ್ಧೆಯಿಂದ ಚೀಲಕ್ಕೆ ತುಂಬಿ, ಗಂಟು ಕಟ್ಟಿ, ಅಲ್ಲೇ ಬಿಟ್ಟು ಹೋದರೆ 121. ನಾಗರಿಕತೆ ಅರ್ಧದಾರಿಯಲ್ಲಿ ಕೈಕೊಟ್ಟದ್ದಕ್ಕೂ ಒಂದು ಸಂಖ್ಯೆ ಇಟ್ಟ ಸೂತ್ರಕಾರರ ದೃಷ್ಟಿ ದೊಡ್ಡದು. ಆದರೆ ಸಿಗರೇಟಿನ ತುಂಡನ್ನು ಅವರು 64 ಎಂದು ಕರೆದು ಕಾಗದದ ಗೋತ್ರಕ್ಕೆ ಸೇರಿಸಿದ್ದರು. ಅದರ ಫಿಲ್ಟರ್ ಸೆಲ್ಯುಲೋಸ್ ಅಸಿಟೇಟ್, ಅಂದರೆ ಪ್ಲಾಸ್ಟಿಕ್ ಎಂದು ಜಗತ್ತಿಗೆ ಗೊತ್ತು. ಆರ್ಷಪ್ರಯೋಗವೆಂದು ತಲೆಬಾಗುವುದು ಕ್ಷೇಮ.

ಎಣಿಸಿ ಏನು ದಕ್ಕಿತು ಎಂಬ ಆಕ್ಷೇಪಕ್ಕೆ ದೃಷ್ಟಾಂತ ಕಿವಿಕಡ್ಡಿಯೇ. ಯುರೋಪಿನ ದಂಡೆಗಳಲ್ಲಿ ಯಾವುದು ಎಷ್ಟು ಸಿಕ್ಕಿತೆಂಬ ಲೆಕ್ಕವನ್ನು ಮುಂದಿಟ್ಟುಕೊಂಡೇ ಯುರೋಪಿಯನ್ ಒಕ್ಕೂಟ 2019ರಲ್ಲಿ ಕಾನೂನು ಮಾಡಿತು. 2021ರ ಜುಲೈ 3ರಿಂದ ಪ್ಲಾಸ್ಟಿಕ್ ಕಿವಿಕಡ್ಡಿ, ಸ್ಟ್ರಾ, ಚಮಚ, ತಟ್ಟೆಗಳ ಮಾರಾಟ ನಿಂತಿತು. ಹೆಕ್ಕಿದವನ ಚೀಲ ಒಂದು ದಂಡೆಯನ್ನು ಒಂದು ದಿನ ಚೊಕ್ಕಗೊಳಿಸಿತು. ಎಣಿಸಿದವನ ಪೆನ್ಸಿಲ್ಲು ಅಂಗಡಿಯ ಕಪಾಟಿಗೇ ಕೈಹಾಕಿತು. ಇದು ಪ್ರತ್ಯಕ್ಷ ಪ್ರಮಾಣ. ಅನುಮಾನ ಪ್ರಮಾಣ ಬೇಕೆನ್ನುವವರಿಗೆ ಸತ್ತು ದಡ ಸೇರುವ ಫುಲ್ಮರ್ ಎಂಬ ಕಡಲಹಕ್ಕಿ ಇದೆ. ವಾಗೆನಿಂಗೆನ್‌ನ ವಿಜ್ಞಾನಿಗಳು ಅದರ ಹೊಟ್ಟೆ ಸೀಳಿ ಒಳಗಿನ ಪ್ಲಾಸ್ಟಿಕ್ ತೂಗುತ್ತಾರೆ. 0.1 ಗ್ರಾಮಿಗಿಂತ ಹೆಚ್ಚು ನುಂಗಿದ ಹಕ್ಕಿಗಳು ನೂರಕ್ಕೆ ಹತ್ತನ್ನು ಮೀರಬಾರದೆಂಬುದು ಓಸ್‌ಪಾರ್‌ನ ಗುರಿ. ಹಕ್ಕಿಗಳಿಗೆ ಇದನ್ನು ಇನ್ನೂ ತಿಳಿಸಿದಂತಿಲ್ಲ.

ಆಮೇಲೆ ನಿಷ್ಕಾಮಕರ್ಮದ ಪ್ರಶ್ನೆ. ನೆದರ್ಲೆಂಡ್ಸ್‌ನಲ್ಲಿ ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ 2021ರ ಜುಲೈ 1ರಿಂದ, ಪಾನೀಯದ ಡಬ್ಬಿಗೆ 2023ರ ಏಪ್ರಿಲ್ 1ರಿಂದ, ಖಾಲಿ ಮಾಡಿ ಮರಳಿಸಿದವರ ಕೈಸೇರುವ 15 ಸೆಂಟ್ ಠೇವಣಿ ಬಂತು. ಮರಳಲ್ಲಿ ಡಬ್ಬಿ ಕಂಡ ಸ್ವಯಂಸೇವಕ ಅದನ್ನು ಚೀಲಕ್ಕೆ ಹಾಕಿದರೆ ಸೇವೆ, ಜೇಬಿಗೆ ಹಾಕಿದರೆ ಸಂಪಾದನೆ. ಕ್ರಿಯೆ ಒಂದೇ, ದಂಡೆಯೂ ಅಷ್ಟೇ ಚೊಕ್ಕ. ಇತ್ತ ಆಮ್‌ಸ್ಟರ್ಡಾಮ್‌ನ ಬೀದಿಗಳಲ್ಲಿ ಆ 15 ಸೆಂಟನ್ನೇ ನಂಬಿದ ಬಡಪಾಯಿಗಳು ತೊಟ್ಟಿಗಳನ್ನು ಕೆದಕಿ ಉಳಿದ ಕಸವನ್ನು ಹರಡುತ್ತಾರೆಂದು ಊರೆಲ್ಲ ದೂರು. ಅವರೂ ಹೆಕ್ಕುವವರೇ. ಅವರಿಗೆ ಕಾಫಿ ಕೊಟ್ಟವರಿಲ್ಲ.

ಸಿಹಿನೀರಿನ ಶಾಖೆ ಇನ್ನೂ ಸೂಕ್ಷ್ಮ. ಆಮ್‌ಸ್ಟರ್ಡಾಮ್‌ನಲ್ಲಿ 2011ರಲ್ಲಿ ಶುರುವಾದ ಪ್ಲಾಸ್ಟಿಕ್ ವೇಲ್ ಎಂಬ ಕಂಪನಿ ದೋಣಿಯಲ್ಲಿ ಕೂರಿಸಿ, ಕೈಗೆ ಬಲೆ ಕೊಟ್ಟು, ಕಾಲುವೆಯ ಪ್ಲಾಸ್ಟಿಕ್ ಹಿಡಿಸುತ್ತದೆ. ಹಿಡಿಯುವವರೇ ದುಡ್ಡು ಕೊಡಬೇಕು. ಹಿಡಿದ ಪ್ಲಾಸ್ಟಿಕ್ಕಿನಿಂದ ದೋಣಿ, ದೋಣಿಯಿಂದ ಮತ್ತೆ ಪ್ಲಾಸ್ಟಿಕ್ಕು: ಬೀಜಾಂಕುರ ನ್ಯಾಯಕ್ಕೆ ಇದಕ್ಕಿಂತ ಹಸಿ ಉದಾಹರಣೆ ತರ್ಕಶಾಲೆಗಳಲ್ಲಿ ಸಿಗದು. ಆದರೆ ಬಲೆಗೆ ಸೈಕಲ್ ಬೀಳುವಂತಿಲ್ಲ. ವರ್ಷಕ್ಕೆ 12,000ದಿಂದ 15,000 ಸೈಕಲ್‌ಗಳನ್ನು ಕಾಲುವೆಗಳಿಂದ ಎತ್ತುವುದು ವಾಟರ್‌ನೆಟ್ ಸಂಸ್ಥೆಯ ಕ್ರೇನಿಗೆ ಮೀಸಲು. ಸಂಖ್ಯೆ ನೋಡಿದರೆ ಅವು ತಳದಲ್ಲಿ ಮರಿ ಹಾಕುತ್ತಿರಬೇಕು. 2019ರಿಂದ ವೆಸ್ಟರ್‌ಡಾಕ್‌ನಲ್ಲಿ ತೂತುಕೊಳವೆಯೊಂದು ನೀರಿನ ತಳದಿಂದ ಗುಳ್ಳೆಗಳ ಪರದೆ ಎಬ್ಬಿಸಿ ಕಸವನ್ನು ಒಂದು ಬದಿಗೆ ತಳ್ಳುತ್ತಿದೆ. ಇದು ಅಪೌರುಷೇಯ ಪದ್ಧತಿ. ಫೋಟೋಕ್ಕೆ ನಿಲ್ಲಲು ಯಾರೂ ಇಲ್ಲದ್ದರಿಂದ ಹೆಚ್ಚು ಚರ್ಚೆ ಬೇಡ.

ಸ್ವಾಮ್ಯದ ಜಿಜ್ಞಾಸೆ ಎದ್ದದ್ದು 2019ರ ಜನವರಿಯಲ್ಲಿ. ವರ್ಷದ ಮೊದಲ ರಾತ್ರಿಯ ಬಿರುಗಾಳಿಗೆ ಎಂಎಸ್‌ಸಿ ಜೋ ಎಂಬ ಹಡಗಿನಿಂದ 342 ಕಂಟೇನರುಗಳು ಕಡಲಿಗುರುಳಿ, ವಾಡನ್ ದ್ವೀಪಗಳ ದಂಡೆಗೆ ಟಿವಿ, ಶೂ, ಪ್ಲಾಸ್ಟಿಕ್ ಕುದುರೆಮರಿಗಳು ತೇಲಿಬಂದವು. ದಂಡೆಗೆ ಬಂದದ್ದನ್ನು ಮನೆಗೊಯ್ಯುವುದು ದ್ವೀಪದವರ ಹಳೆಯ ಕಸುಬು. ಟೆಕ್ಸೆಲ್‌ನಲ್ಲಿ ಅದಕ್ಕೊಂದು ಮ್ಯೂಸಿಯಂ ಕೂಡ ಉಂಟು. ಆದರೆ 1931ರ ಕಾಯಿದೆಯಂತೆ ಕಡಲು ಕೊಟ್ಟದ್ದಕ್ಕೆ ಊರಿನ ಮೇಯರೇ ಪಾಲಕ. ಒಡೆದ ಟಿವಿ ಎತ್ತಿದವನು ಸೇವಕ, ಒಡೆಯದ ಟಿವಿ ಎತ್ತಿದವನು ಶಂಕಿತ. ಅವುಗಳ ಜತೆಗೇ ದಂಡೆಗೆ ಬಂದ ಸೂಕ್ಷ್ಮ ಪ್ಲಾಸ್ಟಿಕ್ ಕಾಳುಗಳ ಮೇಲೆ ಮಾತ್ರ ಯಾರೂ ಹಕ್ಕು ಸಾಧಿಸಲಿಲ್ಲ. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿ ಕೇರಳದ ದಂಡೆಗೆ ಅಂಥವೇ ಕಾಳು ಸುರಿದಾಗಲೂ ಅಷ್ಟೇ, ಸ್ವಯಂಸೇವಕರು ಜರಡಿ ಹಿಡಿದು ಕೂತರು.

ಉಳಿದದ್ದು ಪಾದರಕ್ಷೆ. ಓಸ್‌ಪಾರ್‌ನ ಆ ಪಟ್ಟಿಯಲ್ಲಿ ತೊಗಲಿನದು 57, ಉಳಿದದ್ದು 44; ಎಡಬಲ ಭೇದವಿಲ್ಲ. ಇದು ಘೋರ ಲೋಪ. ಟೆಕ್ಸೆಲ್‌ನ ಜೀವಶಾಸ್ತ್ರಜ್ಞ ಮಾರ್ಡಿಕ್ ಲಿಯೊಪೋಲ್ಡ್ 1990ರ ದಶಕದಲ್ಲೇ ದಂಡೆಯ ಶೂಗಳನ್ನು ಎಣಿಸಿದಾಗ ಟೆಕ್ಸೆಲ್‌ನಲ್ಲಿ ಎಡಗಾಲಿನವು 68, ಬಲಗಾಲಿನವು 39. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಎಡ 63, ಬಲ 93. ಆಕಾರ ಬೇರೆಯಾದ್ದರಿಂದ ಗಾಳಿ ಅವನ್ನು ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತದಂತೆ. ಅಂದರೆ ಸಮುದ್ರರಾಜ ಶೆಟ್ಲೆಂಡಿಗೆ ಬಲಗಾಲಿಟ್ಟು ಬರುತ್ತಾನೆ, ನೆದರ್ಲೆಂಡ್ಸ್‌ಗೆ ಎಡಗಾಲಿಟ್ಟು. ನೆಲದ ಕಾಲುಭಾಗ ಕಡಲಮಟ್ಟಕ್ಕಿಂತ ಕೆಳಗಿರುವ ದೇಶ ಇದನ್ನು ಇಷ್ಟು ಹಗುರವಾಗಿ ತೆಗೆದುಕೊಳ್ಳಬಾರದಿತ್ತು.

ಪೂರ್ವಪಕ್ಷ ಬಿಟ್ಟು ಅಷ್ಟರಲ್ಲಿ ಸಿದ್ಧಾಂತದ ಕಡೆ ವಾಲಿದ್ದ ಮಾವನವರು ಮರಳು ತುಂಬಿದ ರಬ್ಬರ್ ಚಪ್ಪಲಿಯೊಂದನ್ನು ಕೊಡವಿ, ತಿರುವಿ ನೋಡಿ, "ಎಡಗಾಲಿಂದೈತಿ. ಎಲ್ಲಿ ಬರೀಲಿ?" ಎಂದರು. ಅಂಕಣ ಇರಲಿಲ್ಲ. ಲೆಕ್ಕದ ಹಾಳೆಯ ಅಂಚಿನಲ್ಲಿ ಕನ್ನಡದಲ್ಲೇ 'ಎಡ' ಎಂದು ಬರೆದು, ಕೆಳಗೆ ಸಹಿ ಹಾಕಿ, ತಾರೀಖನ್ನೂ ನಮೂದಿಸಿ ಕೊಟ್ಟರು. ಸಂಯೋಜಕಿ ಅದು ಬರಹವೋ ಚಿತ್ರವೋ ಎಂದು ವಿನಯದಿಂದ ವಿಚಾರಿಸಿ, 'ಇತರೆ' ಎಂದು ಗುರುತು ಹಾಕಿಕೊಂಡರು.