ಸದ್ದು ಯಾವಾಗ ಬಂತು, ಅದನ್ನ ಹೇಳು

ಬಾಮ್ಮ, ಬೇಲಿ ಹತ್ರ ಬಾ. ಆ ಬಟ್ಟೆ ಆಮೇಲೆ ಹರವಿದ್ರೆ ಆಯ್ತು, ನವೆಂಬರ್‌ನಲ್ಲಿ ಇಂಗ್ಲೆಂಡಿನ ಈ ರೆಡಿಂಗ್ ಊರಲ್ಲಿ ಅದು ಹೇಗೂ ಒಣಗಲ್ಲ. ರಾತ್ರಿಯೆಲ್ಲ ಗೋಡೆ ಬಡಿತಾರೆ ಅಂದೆಯಲ್ಲ, ನಿನ್ನ ಗಂಡ ಅದು ನಮ್ಮನೇದು ಅಂತಾನೆ, ನಮ್ಮನೆಯವರು ನಿಮ್ಮನೇದು ಅಂತಾರೆ. ಇಬ್ಬರನ್ನೂ ನಂಬಬೇಡ. ಜೋಡಿ ಮನೆ, ನಡುವೆ ಇರೋದು ಒಂದೇ ಗೋಡೆ. ಅಡುಗೆಮನೆಲಿ ಬಾಯ್ಲರ್ ಗೊಣಗಿದ್ರೆ ಪೈಪು ಹಿಡ್ಕೊಂಡು ಆ ಸದ್ದು ಮಹಡಿ ಬಚ್ಚಲಲ್ಲಿ ಕೇಳುತ್ತೆ. ಎಲ್ಲಿ ಕೇಳ್ತು ಅಂತ ಹುಡುಕ್ಕೊಂಡು ಹೋದವರೆಲ್ಲ ದಾರಿ ತಪ್ಪಿದವರೇ. ಯಾವಾಗ ಕೇಳ್ತು, ಅದನ್ನ ಹೇಳು.

ಬೆಳಗ್ಗೆ ಹೀಟಿಂಗ್ ಶುರುವಾದ ಕಾಲು ಗಂಟೆ ಟಿಕ್ ಟಿಕ್, ರಾತ್ರಿ ಆಫ್ ಆದ್ಮೇಲೆ ಮತ್ತೆ ಟಿಕ್ ಟಿಕ್, ನಡುವೆ ಉಸಿರೇ ಇಲ್ಲ, ಹಾಗಿದ್ರೆ ತಲೆ ಕೆಡಿಸ್ಕೋಬೇಡ. ಪೈಪು ಹಿಗ್ತಾ ಕುಗ್ತಾ ಇದೆ ಅಷ್ಟೆ. 10 ಮೀಟರ್ ತಾಮ್ರದ ಪೈಪು 50 ಡಿಗ್ರಿ ಬಿಸಿ ಏರಿದ್ರೆ ಸುಮಾರು 8.5 ಮಿಲಿಮೀಟರ್ ಉದ್ದ ಬೆಳೆಯುತ್ತೆ. ನೆಲದ ಹಲಗೆ ಕೆಳಗೆ ತೊಲೆಯಲ್ಲಿ ಪೈಪಿಗೆ ಅಂತ ಕೊರೆದ ಕಚ್ಚು ಬಿಗಿಯಾಗಿದ್ರೆ ಅದು ಸಲೀಸಾಗಿ ಜಾರಲ್ಲ, ತಡೆದು ತಡೆದು ಜಿಗಿಯುತ್ತೆ. ಕಚ್ಚಿಗೆ ಚೂರು ಫೆಲ್ಟ್ ತುರುಕಿದ್ರೆ ಬಾಯಿ ಮುಚ್ಚುತ್ತೆ. ಹಲಗೆ ಎತ್ತೋಕೆ ಮನಸ್ಸಿಲ್ವಾ? ಬಾಯ್ಲರ್‌ನಿಂದ ಹೊರಡೋ ನೀರು 75 ಡಿಗ್ರಿ ಇದ್ರೆ 60ಕ್ಕೆ ಇಳಿಸು. ಸದ್ದು ಕಮ್ಮಿಯಾಗುತ್ತೆ, ಗ್ಯಾಸ್ ಬಿಲ್ಲೂ ಒಂಚೂರು ಇಳಿಯುತ್ತೆ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗೆ, ವಾಪಸ್ ಬರೋ ನೀರು 55ಕ್ಕಿಂತ ಕೆಳಗಿದ್ರೇನೇ ಹೊಗೆಯ ಆವಿಯಲ್ಲಿರೋ ಬಿಸಿ ದಕ್ಕೋದು. ಇದನ್ನ ಬಾಯ್ಲರ್ ಕೂರಿಸಿದೋರೇ ಹೇಳಬೇಕು, ಹೇಳೋರು ಎಷ್ಟು ಜನ?

ಏನಂದೆ? ಟಿಕ್ ಟಿಕ್ ಅಲ್ವಾ, ಡಬಡಬಾನಾ? ರೂಮು ಇನ್ನೇನು ಬೆಚ್ಚಗಾಯ್ತು ಅನ್ನೋ ಹೊತ್ತಿಗಾ? ಹಾಂ, ಈಗ ಸಿಕ್ತು ನೋಡು. ರೇಡಿಯೇಟರ್ ಪಕ್ಕ ಒಂದರಿಂದ ಐದು ಅಂತ ಅಂಕಿ ಬರೆದಿರೋ ತಿರುಪು ಇದೆಯಲ್ಲ, ಅದರ ಕೆಲಸ ಇದು. ರೂಮು ಬಿಸಿಯಾಗ್ತಾ ಅದು ತಾನೇ ಮುಚ್ಚಿಕೊಳ್ಳುತ್ತೆ. ಈ ಜಾತಿಯ ಹಳೇ ವಾಲ್ವುಗಳಿಗೆ ನೀರು ಒಂದೇ ದಿಕ್ಕಿನಿಂದ ಬರಬೇಕು. ಉಲ್ಟಾ ಕಡೆಯಿಂದ ಬಂದ್ರೆ ಮುಚ್ಚೋ ಹೊತ್ತಿಗೆ ನೀರು ಬಿರಡೆಯನ್ನ ಎಳೆದು ಹಾಕುತ್ತೆ, ಅದು ಪುಟಿಯುತ್ತೆ, ಮತ್ತೆ ಎಳೆಯುತ್ತೆ. ಇವತ್ತು ರಾತ್ರಿ ಬಡಿತ ಶುರುವಾದ ತಕ್ಷಣ ಎದ್ದು ಆ ತಿರುಪನ್ನ ಐದಕ್ಕೆ ತಿರುಗಿಸು. ತಟ್ಟನೆ ನಿಂತ್ರೆ ಕಳ್ಳ ಅವನೇ. ವಾಲ್ವಿನ ಮೈಮೇಲೆ ಬಾಣದ ಗುರುತು ಹುಡುಕು. ಎರಡೂ ತಲೆ ಬಾಣ ಇರೋ ಹೊಸ ವಾಲ್ವು ಹಾಕಿಸಿದ್ರೆ ನೀರು ಯಾವ ಕಡೆಯಿಂದ ಬಂದ್ರೂ ತಕರಾರಿಲ್ಲ. ದೊಡ್ಡ ಕೆಲಸವಲ್ಲ, ಹೋಗಿ ಬಾಯ್ಲರ್ ಬದಲಾಯಿಸಿ ಅಂದವರ ಮಾತು ಕೇಳಬೇಡ.

ಗುಳುಗುಳು ಅಂದ್ರೆ ಗಾಳಿ, ಅದು ಎಲ್ಲರಿಗೂ ಗೊತ್ತು. ರೇಡಿಯೇಟರ್ ಮೇಲ್ಗಡೆ ತಣ್ಣಗಿರುತ್ತೆ. ಹೀಟಿಂಗ್ ಆಫ್ ಮಾಡಿ, ಆರಿದ್ಮೇಲೆ ಕೀಲಿಯಿಂದ ಗಾಳಿ ಬಿಡು. ಹಳೇ ಬಟ್ಟೆ ಹಿಡ್ಕೋ, ಬರೋ ನೀರು ಕರ್ರಗಿರುತ್ತೆ, ನಿಮ್ಮ ಕಾರ್ಪೆಟ್ಟೋ ಹಾಲು ಬಣ್ಣ. ಆಮೇಲೆ ಬಾಯ್ಲರ್ ಮುಳ್ಳು ನೋಡು, ತಣ್ಣಗಿದ್ದಾಗ 1ರಿಂದ 1.5 ಬಾರ್ ತೋರಿಸಬೇಕು. ಆದ್ರೆ ಇವತ್ತು ಗಾಳಿ ಬಿಟ್ಟು, ಮುಂದಿನ ವಾರ ಮತ್ತೆ ಗುಳುಗುಳು ಅಂದ್ರೆ ಸಮಾಧಾನ ಪಡಬೇಡ. ಅದು ಗಾಳಿಯೇ ಅಲ್ದೆ ಇರಬಹುದು. ಒಳಗೆ ಉಕ್ಕು ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುತ್ತೆ, ಅದಕ್ಕೆ ಬೆಂಕಿಕಡ್ಡಿ ಹಿಡಿದು ಪರೀಕ್ಷೆ ಮಾಡೋ ಪ್ಲಂಬರುಗಳಿದ್ರು. ನಿನ್ನ ಗಂಡನಿಗೆ ಮಾತ್ರ ಇದನ್ನ ಹೇಳಬೇಡ. ಆ ತುಕ್ಕು ಕರಿ ಕೆಸರಾಗಿ ರೇಡಿಯೇಟರ್ ತಳದಲ್ಲಿ ಕೂರುತ್ತೆ, ಆಗ ಮೇಲೆ ಬಿಸಿ, ಕೆಳಗೆ ತಣ್ಣಗೆ. ಅದು ಅಯಸ್ಕಾಂತಕ್ಕೆ ಅಂಟೋ ಜಾತಿ, ಅದಕ್ಕೇ ಬಾಯ್ಲರ್‌ಗೆ ವಾಪಸ್ ಬರೋ ಪೈಪಿಗೆ ಮ್ಯಾಗ್ನೆಟ್ ಫಿಲ್ಟರ್ ಕೂರಿಸೋದು. ತುಕ್ಕು ತಡೆಯೋ ದ್ರಾವಣ ಹಾಕ್ಸಿ ಎಷ್ಟು ವರ್ಷ ಆಯ್ತು ಅಂತ ಮನೆ ಮಾರಿದೋರನ್ನ ಕೇಳಿದ್ರಾ? ಯಾರೂ ಕೇಳಲ್ಲ. ಗಾರ್ಡನ್ ಎಷ್ಟುದ್ದ ಅಂತ ಕೇಳ್ತೀವಿ.

ನನಗೆ ನಿಜವಾಗಿ ಇಷ್ಟವಾದ ಸದ್ದು ಕೆಟ್ಲಿಂಗ್. ಬಾಯ್ಲರ್ ಒಳಗಿಂದಲೇ ಗುಡುಗುಡು ಬರುತ್ತೆ. ಬಿಸಿಯಾಗೋ ಲೋಹಕ್ಕೆ ಸುಣ್ಣವೋ ಕೆಸರೋ ಅಂಟಿದ್ರೆ ಅಲ್ಲಿ ನೀರು ಸರಾಗ ಹರಿಯಲ್ಲ, ನಿಂತ ಕಡೆಯೇ ಕುದ್ದು ಆವಿ ಗುಳ್ಳೆ ಏಳುತ್ತೆ, ಪಕ್ಕದ ತಣ್ಣೀರಿಗೆ ಸಿಕ್ಕಿ ಕುಸಿಯುತ್ತೆ. ಬೆಂಗಳೂರಲ್ಲಿ ಬೋರ್ ನೀರಿನ ಗೀಸರ್ ಗೊರಗುಟ್ಟಿ, ಬಿಚ್ಚಿದ್ರೆ ಕಾಯಿಲ್ ಮೇಲೆ ಸುಣ್ಣದ ಪದರ ಸಿಗಲ್ವಾ, ಅದೇ ರೋಗ. ರೆಡಿಂಗ್ ಇರೋದೇ ಸೀಮೆಸುಣ್ಣದ ನೆಲದ ಮೇಲೆ, ನೀರು ವಿಪರೀತ ಗಡಸು. ಗ್ಲಾಸ್ಗೋದವರು ಲಾಕ್ ಕ್ಯಾಟ್ರಿನ್ ಸರೋವರದ ಮೆದು ನೀರು ಕುಡಿಯೋರು, ಅವರಿಗೆ ಈ ಸುಣ್ಣದ ಕಾಟ ಅಷ್ಟಿಲ್ಲ. ಇಲ್ಲೂ ಯಾವಾಗ ಅಂತಲೇ ಕೇಳಬೇಕು. ನಿಮ್ದು ನಲ್ಲಿಗೂ ಹೀಟಿಂಗಿಗೂ ಒಂದೇ ಆಗಿರೋ ಕಾಂಬಿ ಬಾಯ್ಲರ್ ತಾನೇ? ಬಿಸಿನೀರಿನ ನಲ್ಲಿ ತಿರುಗಿಸಿದಾಗ ಮಾತ್ರ ಗುಡುಗಿದ್ರೆ ಸುಣ್ಣದ ಮೇಲೆ ಅನುಮಾನ, ಆ ಕಡೆ ದಿನಾ ಹೊಸ ನೀರು ಹರಿಯುತ್ತಲ್ಲ. ಹೀಟಿಂಗ್ ಓಡುವಾಗ ಗುಡುಗಿದ್ರೆ ಕೆಸರಿನ ಮೇಲೆ. ರೇಡಿಯೇಟರ್‌ಗಳಲ್ಲಿ ಸುತ್ತೋದು ಅದೇ ಹಳೇ ನೀರು, ಅದರಲ್ಲಿದ್ದ ಸುಣ್ಣ ಒಂದು ಸಲ ಕೂತು ಮುಗೀತು. ಎಲ್ಲೋ ಸೋರಿ, ನೀವು ಪದೇ ಪದೇ ನೀರು ತುಂಬ್ತಿದ್ರೆ ಮಾತ್ರ ಬೇರೆ ಕತೆ. ಇಷ್ಟು ವಿವರ ಕೊಟ್ಟು ನೋಡು, ಬಂದವನು ಬಾಗಿಲಲ್ಲೇ ರಭಸದ ನೀರಲ್ಲಿ ಪೈಪೆಲ್ಲ ತೊಳೆಯೋ ಪವರ್ ಫ್ಲಶ್ ಅಂತ ನೂರಾರು ಪೌಂಡಿನ ಮಾತು ಎತ್ತೋದಕ್ಕೆ ಮುಂಚೆ ಸ್ವಲ್ಪ ಯೋಚನೆ ಮಾಡ್ತಾನೆ.

ಹಿಮ ಬಿದ್ದ ಬೆಳಗ್ಗೆ ಮಾತ್ರ ಬಾಯ್ಲರ್ ಗೊಳಗೊಳ ಅಂದು ನಿಂತುಹೋದ್ರೆ ಯಾರಿಗೂ ಫೋನ್ ಮಾಡಬೇಡ. ಹೊಗೆಯ ಆವಿ ತಣಿದು ಆದ ನೀರನ್ನ ಹೊರಬಿಡೋ, ಹೊರಗೋಡೆಗೆ ಅಂಟಿರೋ ಸಣ್ಣ ಪ್ಲಾಸ್ಟಿಕ್ ಪೈಪು ಹೆಪ್ಪುಗಟ್ಟಿರುತ್ತೆ. ಬಿಸಿನೀರು ಸುರಿ, ಕುದಿಯೋ ನೀರಲ್ಲ. ಆಮೇಲೆ ರೀಸೆಟ್ ಒತ್ತು. ಆ ಪೈಪನ್ನ ದಪ್ಪ ಮಾಡ್ಸಿ ಹೊದಿಕೆ ಸುತ್ತಿಸಿದ್ರೆ ಮುಂದಿನ ಚಳಿಗೆ ತೊಂದರೆ ಇರಲ್ಲ.

ಹಾಂ, ನಿನ್ನ ಗಂಡ ಸ್ಕ್ರೂಡ್ರೈವರ್ ಹಿಡಿ ಕಿವಿಗಿಟ್ಟುಕೊಂಡು ಪಂಪಿನ ಸದ್ದು ಕೇಳ್ತಾನಾ? ಕೇಳಲಿ, ಒಳ್ಳೇ ಉಪಾಯವೇ. ಬಾಯ್ಲರ್ ಕವಚಕ್ಕೆ ಮಾತ್ರ ಅದನ್ನ ಹಾಕಬಾರದು. ಆ ಕವಚ ಬಿಚ್ಚೋನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರೋನೇ ಆಗಬೇಕು. ಬಂದವನ ಹತ್ರ ಕಾರ್ಡು ಕೇಳು, ತಿರುಗಿಸಿ ಹಿಂಬದಿ ಓದು. ಅವನಿಗೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರೋದು ಅಲ್ಲಿ.