ಸರ್ಕಾರ ಬೇಡ, ಡೀಸೆಲ್ ಇರಲಿ

(ಕುಮಟಾದ ಒಂದು ಚಾ ಅಂಗಡಿ. ಜೂನ್ ತಿಂಗಳ ಜಡಿಮಳೆ. ಹೊನ್ನಾವರದ ಬೋಟಿನ ಸಾವ್ಕಾರ್ರು, ನಿವೃತ್ತ ಮಾಸ್ತರ್ರು.)

ಸಾವ್ಕಾರ್ರು: ಈ ಸರ್ಕಾರ ಅನ್ನೂದೇ ಬೇಡ ಮಾಸ್ತರ್ರೇ. ಜೂನ್ 1ರಿಂದ ಜುಲೈ 31, 61 ದಿವ್ಸ ಬೋಟ್ ಕಟ್ಟಿಡಿ ಅಂದ್ರೆ ಎಂತ ಲೆಕ್ಕ?

ಮಾಸ್ತರ್ರು: ಮೀನು ಮೊಟ್ಟೆ ಇಡೂ ಕಾಲ ಅಲ್ವಾ.

ಸಾವ್ಕಾರ್ರು: ಅದನ್ನ ಮಾರ್ಕೆಟ್ ನೋಡ್ಕಳ್ತದೆ. ಮೀನು ಕಮ್ಮಿಯಾದ್ರೆ ರೇಟು ಏರ್ತದೆ, ರೇಟು ಏರಿದ್ರೆ ತಿನ್ನೂರು ಕಮ್ಮಿ, ಆಗ ಮೀನು ಜಾಸ್ತಿ.

ಮಾಸ್ತರ್ರು: ಬಂಗಡೆಗೆ ಇದು ಗೊತ್ತುಂಟಾ?

ಸಾವ್ಕಾರ್ರು: ತಮಾಷೆ ಬೇಡ. ಗಾಂಧೀಜಿನೂ ನಮ್ಮ ಪಾರ್ಟಿಯೇ.

ಮಾಸ್ತರ್ರು: ಹೌದು, ತಾನೂ ಅರಾಜಕತಾವಾದಿ, ಆದ್ರೆ ಬೇರೆ ನಮೂನೆಯವ ಅಂತ 1916ರಲ್ಲಿ ಕಾಶಿಯಲ್ಲಿ ಹೇಳಿದ್ರು. 1930ರಲ್ಲಿ ನಮ್ಮ ಅಂಕೋಲೆಯವ್ರು ಉಪ್ಪಿನ ಕಾಯ್ದೆ ಮುರ್ದು ಜೈಲಿಗೂ ಹೋದ್ರು. ನೀವು ಹೋಗ್ತ್ರಾ?

ಸಾವ್ಕಾರ್ರು: ಜೈಲು ಸರ್ಕಾರದ್ದಲ್ವಾ? ನಾ ಸರ್ಕಾರದ್ದು ಯಾವ್ದೂ ಮುಟ್ಟೂದಿಲ್ಲ.

ಮಾಸ್ತರ್ರು: ತೆರಿಗೆ ಇಲ್ದ ಡೀಸೆಲ್ಲು?

ಸಾವ್ಕಾರ್ರು: ಅದು ಅವ್ರು ಕೊಡೂದಲ್ಲ, ನಮ್ಮಿಂದ ಕಿತ್ಕಳ್ದೇ ಇರೂದು.

ಮಾಸ್ತರ್ರು: ಅಳಿವೆಯ ಹೂಳು ತೆಗ್ಯೂದು?

ಸಾವ್ಕಾರ್ರು: ಅದ್ಕೇ ಕಾರವಾರಕ್ಕೆ ಹೊರಟದ್ದು! ಬೋಟು ಮಣ್ಣಿಗೆ ತಾಗಿ ನಿಲ್ತದೆ, ಸರ್ಕಾರ ಸತ್ತು ಹೋಯ್ತಾ? ಒಂದು ಅರ್ಜಿ ಬರ್ಕೊಡಿ.

(ಮಾಸ್ತರ್ರು ಪೆನ್ನು ತೆಗೆದರು. ಇಂಥ ಸ್ವಾತಂತ್ರ್ಯಪ್ರೇಮಿಗಳಿಗೆ ಅರ್ಜಿ ಬರೆದುಕೊಡುವವರು ಸಾಮಾನ್ಯವಾಗಿ ಸರ್ಕಾರಿ ಪಿಂಚಣಿದಾರರೇ.)

ಸಾವ್ಕಾರ್ರು: ಇನ್ನೊಂದು ಸೇರ್ಸಿ. ಭಟ್ಕಳದ ಬದಿಗೆ ಯಾರೋ ರಾತ್ರಿ ಲೈಟ್ ಹಾಕಿ ಮೀನೆಲ್ಲ ಬಾಚ್ತಾ ಇದ್ರು. ಆಗಸ್ಟಿನಿಂದ ಪೊಲೀಸ್ ಬೋಟು ಬೇಕೇ ಬೇಕು.

ಮಾಸ್ತರ್ರು: 2017ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ.

ಸಾವ್ಕಾರ್ರು: ಮಾಡಿದ್ರೆ ಸಾಕಾ? ಬಿಗಿ ಮಾಡ್ಲಿ!

ಮಾಸ್ತರ್ರು: ಆಯ್ತು. ಕೆಳಗೆ ಎಂತ ಬರೀಲಿ?

ಸಾವ್ಕಾರ್ರು: ಯಾವಾಗ್ಲೂ ಬರ್ಯೂದೇ. ‘ತಮ್ಮ ವಿಧೇಯ.’